ಡಯೋಡ್ ಇರುವ ಮೈಕ್ರೋವೇವ್ ಸರ್ಕ್ಯೂಟಿನ ಸಿಮ್ಯುಲೇಷನ್: ಯಾವುದು ಮೊದಲು, ಯಾವುದು ಆಮೇಲೆ

ಸ್ಕ್ರೀನಿನ ಮೇಲೆ ಎಸ್11 (ಕಳಿಸಿದ ಸಿಗ್ನಲಿನಲ್ಲಿ ತಿರುಗಿ ಬರುವ ಪಾಲು; ಕಡಿಮೆ ಇದ್ದಷ್ಟೂ ಒಳ್ಳೆಯದು) −35 ಡಿಬಿ ತೋರಿಸುತ್ತದೆ. ಬೋರ್ಡ್ ಮಾಡಿಸಿ ಅಳೆದರೆ ಬರುವುದು −4 ಡಿಬಿ, ಅದೂ ಬೇರೆಯೇ ಫ್ರೀಕ್ವೆನ್ಸಿಯಲ್ಲಿ. ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪೊವ್ವಲ್, ಮಂಗಳೂರು, ಪುತ್ತೂರು, ಸುಳ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋದವರ ಪ್ರಾಜೆಕ್ಟುಗಳಲ್ಲಿ ಇದೇ ಕಥೆ ಮತ್ತೆ ಮತ್ತೆ. ಸಾಫ್ಟ್‌ವೇರನ್ನು ದೂರಿ ಪ್ರಯೋಜನವಿಲ್ಲ. ಹೆಚ್ಚಿನವರು ಸರ್ಕ್ಯೂಟ್ ಬಿಡಿಸಿದ ಕೂಡಲೇ ‘ಆಪ್ಟಿಮೈಸ್’ ಒತ್ತುತ್ತಾರೆ. ಕಾಲಿಗೆ ತಳೆ ಹಾಕದೆ ಅಡಿಕೆ ಮರ ಹತ್ತಲು ಹೊರಟ ಹಾಗೆ.

ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ: 2.45 ಗಿಗಾಹರ್ಟ್ಸ್‌ನ ಡಿಟೆಕ್ಟರ್, ಅಂದರೆ ಬಂದ ಮೈಕ್ರೋವೇವ್ ಶಕ್ತಿಯನ್ನು ಡಿಸಿ ವೋಲ್ಟೇಜ್ ಆಗಿಸುವ ಸರ್ಕ್ಯೂಟ್. ಡಯೋಡ್ ಎಚ್‌ಎಸ್‌ಎಂಎಸ್-2850, ಎಸ್‌ಒಟಿ-23 ಪ್ಯಾಕೇಜ್. ಸರ್ಕ್ಯೂಟ್ ಚಿಕ್ಕದಾದ್ದರಿಂದ ಪ್ರತಿ ಹಂತದ ಉತ್ತರವನ್ನೂ ಕಾಗದದ ಮೇಲೆ ತಾಳೆ ನೋಡಬಹುದು. ನಿಮ್ಮ ಡಯೋಡ್ ಬೇರೆಯಾದರೆ ಸಂಖ್ಯೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಬೇಕಾದ ಸಾಮಗ್ರಿ

ಕಾಲೇಜಿನ ಲ್ಯಾಬಿನಲ್ಲಿ ಎಡಿಎಸ್ ಅಥವಾ ಮೈಕ್ರೋವೇವ್ ಆಫೀಸ್ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉಚಿತವಾಗಿ ಸಿಗುವ ಕ್ಯುಕ್ಸ್-ಎಸ್ ಸಾಕು. ಅದು ಸರ್ಕ್ಯೂಟ್ ಬಿಡಿಸುವ ಹಲಗೆ ಮಾತ್ರ. ಲೆಕ್ಕ ಮಾಡುವ ಎಂಜಿನ್ ಬೇರೆ. ಎಸ್ ಪ್ಯಾರಾಮೀಟರಿಗೆ (ಎಸ್11ರಂಥ ಅಳತೆಗಳಿಗೆ) ಅದರ ಜೊತೆಗೇ ಬರುವ ಕ್ಯುಕ್ಸೇಟರ್-ಆರ್‌ಎಫ್, ಡಿಸಿ ಮತ್ತು ಟ್ರಾನ್ಸಿಯೆಂಟಿಗೆ (ಕಾಲದಲ್ಲಿ ಹೆಜ್ಜೆ ಹೆಜ್ಜೆಯಾಗಿ ಮಾಡುವ ಲೆಕ್ಕಕ್ಕೆ) ಎನ್‌ಜಿಸ್ಪೈಸ್, ನೆಲೆಗೊಂಡ ಸ್ಥಿತಿಯನ್ನು ನೇರವಾಗಿ ಹುಡುಕುವ ಹಾರ್ಮೋನಿಕ್ ಬ್ಯಾಲೆನ್ಸಿಗೆ ಜೈಸ್. ಎನ್‌ಜಿಸ್ಪೈಸ್‌ನಲ್ಲಿ ಹಾರ್ಮೋನಿಕ್ ಬ್ಯಾಲೆನ್ಸ್ ಇಲ್ಲ, ಹಾಗಾಗಿ ಜೈಸನ್ನು ಮೊದಲೇ ಹಾಕಿಕೊಳ್ಳಿ.

ಇದರ ಜೊತೆಗೆ ಡಯೋಡಿನ ಡೇಟಾಶೀಟ್ (ಮೊದಲ ಪುಟ ಮಾತ್ರವಲ್ಲ, ಸ್ಪೈಸ್ ಪ್ಯಾರಾಮೀಟರುಗಳ, ಅಂದರೆ ಸಿಮ್ಯುಲೇಟರಿಗೆ ಕೊಡುವ ಡಯೋಡ್ ಮೌಲ್ಯಗಳ, ಕೋಷ್ಟಕ ಇರುವ ಪುಟವೂ), ಇಂಡಕ್ಟರ್ ಮತ್ತು ಕೆಪ್ಯಾಸಿಟರಿನ ಡೇಟಾಶೀಟ್, ಬೋರ್ಡಿನ ದಪ್ಪ ಮತ್ತು ಪರ್ಮಿಟಿವಿಟಿ, ಒಂದು ಕ್ಯಾಲ್ಕುಲೇಟರ್.

ಹಂತ 1: ಮೌಸ್ ಮುಟ್ಟುವ ಮೊದಲು ಕಾಗದದ ಲೆಕ್ಕ

ಉತ್ತರ ಎಷ್ಟು ಬರಬೇಕೆಂದು ಗೊತ್ತಿಲ್ಲದವನಿಗೆ ಸಿಮ್ಯುಲೇಟರ್ ಏನು ಹೇಳಿದರೂ ಸರಿಯೇ. ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಮೊದಲನೆಯದು ಜಂಕ್ಷನ್ ರೆಸಿಸ್ಟೆನ್ಸ್. ಬಯಾಸ್ (ಹೊರಗಿನಿಂದ ಕೊಡುವ ಡಿಸಿ) ಇಲ್ಲದಿರುವಾಗ ಅದು ಎನ್ (ಐಡಿಯಾಲಿಟಿ ಫ್ಯಾಕ್ಟರ್) × ಥರ್ಮಲ್ ವೋಲ್ಟೇಜ್ ÷ ಐಎಸ್ (ಸ್ಯಾಚುರೇಷನ್ ಕರೆಂಟ್). ಈ ಡಯೋಡಿಗೆ ಎನ್ 1.06, ಐಎಸ್ 3 ಮೈಕ್ರೋಆಂಪಿಯರ್. 27 ಡಿಗ್ರಿಯಲ್ಲಿ ಥರ್ಮಲ್ ವೋಲ್ಟೇಜ್ 25.86 ಮಿಲಿವೋಲ್ಟ್. ಭಾಗಿಸಿದರೆ ಸುಮಾರು 9.1 ಕಿಲೋಓಮ್.

ಎರಡನೆಯದು ಜಂಕ್ಷನ್ ಕೆಪ್ಯಾಸಿಟೆನ್ಸಿನ ರಿಯಾಕ್ಟೆನ್ಸ್. 0.18 ಪಿಕೋಫ್ಯಾರಡ್ ಎಂದರೆ 2.45 ಗಿಗಾಹರ್ಟ್ಸ್‌ನಲ್ಲಿ 361 ಓಮ್. 9.1 ಕಿಲೋಓಮಿಗೆ ಸಮಾಂತರವಾಗಿ 361 ಓಮ್ ಕುಳಿತಿದೆ. ಕರೆಂಟಿನ ಬಹುಪಾಲು ಸುಲಭದ ದಾರಿ ಹಿಡಿದು ಕೆಪ್ಯಾಸಿಟೆನ್ಸಿನ ಮೂಲಕವೇ ಹೋಗುತ್ತದೆ, ಹೋಗುವಾಗ 25 ಓಮ್ ಸೀರೀಸ್ ರೆಸಿಸ್ಟೆನ್ಸಿನಲ್ಲಿ ಶಕ್ತಿಯನ್ನು ಸುಟ್ಟುಹಾಕುತ್ತದೆ. ಮೂರೂ ಸೇರಿ ಚಿಪ್ಪಿನ ಇಂಪೀಡೆನ್ಸ್ ಸುಮಾರು 39 − ಜೆ360 ಓಮ್ (39 ನಿಜ ಭಾಗ, ಜೆ ಜೊತೆಗಿನದು ರಿಯಾಕ್ಟೆನ್ಸ್).

ಆ 39ರಲ್ಲಿ ಕೇವಲ 14 ಓಮ್ ನಿಮಗೆ ಬೇಕಾದ ಜಂಕ್ಷನ್ನಿನದು, ಉಳಿದ 25 ನಷ್ಟ. ಎಷ್ಟೇ ಚೆನ್ನಾಗಿ ಮ್ಯಾಚ್ ಮಾಡಿದರೂ (ಡಯೋಡನ್ನು 50 ಓಮ್ ಮೂಲಕ್ಕೆ ಹೊಂದಿಸಿದರೂ) ಒಳಗೆ ಹೋದ ಶಕ್ತಿಯ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೆಲಸಕ್ಕೆ ಸಿಗುತ್ತದೆ. ನಿಮ್ಮ ಸಿಮ್ಯುಲೇಷನ್ ಇದಕ್ಕಿಂತ ಬಹಳ ಉದಾರವಾಗಿದ್ದರೆ ಎಲ್ಲೋ ಸೀರೀಸ್ ರೆಸಿಸ್ಟೆನ್ಸ್ ಬಿಟ್ಟುಹೋಗಿದೆ ಎಂದರ್ಥ.

ಮೂರನೆಯದು ಮೂಲದ ವೋಲ್ಟೇಜ್. −30 ಡಿಬಿಎಂ ಎಂದರೆ 1 ಮೈಕ್ರೋವ್ಯಾಟ್. 50 ಓಮ್ ಮೂಲದಿಂದ ಅಷ್ಟು ಶಕ್ತಿ ಸಿಗಬೇಕಾದರೆ ಒಳಗಿನ ವೋಲ್ಟೇಜ್ ಶಿಖರ 20 ಮಿಲಿವೋಲ್ಟ್ ಇರಬೇಕು; ಮ್ಯಾಚ್ ಆದಾಗ ಹೊರತುದಿಯಲ್ಲಿ ಕಾಣುವುದು 10. ಪವರ್ ಸೋರ್ಸ್ ಇಲ್ಲದ ಸಿಮ್ಯುಲೇಟರಿನಲ್ಲಿ ಸೈನ್ ಸೋರ್ಸಿಗೆ 10 ಮಿಲಿವೋಲ್ಟ್ ಕೊಟ್ಟು 50 ಓಮ್ ಸೇರಿಸಿದರೆ 6 ಡಿಬಿ ಕಳೆದುಕೊಂಡಿರಿ.

ಹಂತ 2: ಡಯೋಡಿನ ಮಾಡೆಲ್ ತುಂಬುವುದು

ಎಚ್‌ಎಸ್‌ಎಂಎಸ್-2850ರ ಸ್ಪೈಸ್ ಮೌಲ್ಯಗಳು ಇವು: ಐಎಸ್ 3 ಮೈಕ್ರೋಆಂಪಿಯರ್, ಎನ್ 1.06, ಆರ್‌ಎಸ್ (ಸೀರೀಸ್ ರೆಸಿಸ್ಟೆನ್ಸ್) 25 ಓಮ್, ಸಿಜೆಒ (ಜಂಕ್ಷನ್ ಕೆಪ್ಯಾಸಿಟೆನ್ಸ್) 0.18 ಪಿಕೋಫ್ಯಾರಡ್, ವಿಜೆ 0.35 ವೋಲ್ಟ್, ಎಂ 0.5, ಇಜಿ (ತಾಪಮಾನದ ಪರಿಣಾಮ ಹೇಳುವ ಮೌಲ್ಯ) 0.69, ಎಕ್ಸ್‌ಟಿಐ 2, ಬಿವಿ 3.8 ವೋಲ್ಟ್, ಐಬಿವಿ 300 ಮೈಕ್ರೋಆಂಪಿಯರ್. ಕೈಯಲ್ಲಿರುವುದು ಎಸ್‌ಎಂಎಸ್7630 ಆದರೆ ಐಎಸ್ 5 ಮೈಕ್ರೋಆಂಪಿಯರ್, ಆರ್‌ಎಸ್ 20 ಓಮ್, ಎನ್ 1.05, ಸಿಜೆಒ 0.14 ಪಿಕೋಫ್ಯಾರಡ್, ವಿಜೆ 0.34, ಎಂ 0.4, ಬಿವಿ 2 ವೋಲ್ಟ್.

ಒಂದು ಮೌಲ್ಯ ಬಿಟ್ಟುಹೋದರೂ ಸಿಮ್ಯುಲೇಟರ್ ತಕರಾರು ಮಾಡುವುದಿಲ್ಲ, ತನ್ನದೇ ಮೌಲ್ಯವನ್ನು ಹಾಕಿಕೊಂಡು ಮುಂದೆ ಹೋಗುತ್ತದೆ. ಸ್ಪೈಸ್‌ನಲ್ಲಿ ಸಿಜೆಒ ಬಿಟ್ಟರೆ ಸೊನ್ನೆ, ಆರ್‌ಎಸ್ ಬಿಟ್ಟರೆ ಸೊನ್ನೆ, ಇಜಿ ಬಿಟ್ಟರೆ ಸಿಲಿಕಾನ್ ಜಂಕ್ಷನ್ನಿನ 1.11. ಐಎಸ್ ಬಿಟ್ಟರೆ 10ರ −14ನೇ ಘಾತ ಆಂಪಿಯರ್. ಆಗ ಜಂಕ್ಷನ್ ರೆಸಿಸ್ಟೆನ್ಸ್ ಲಕ್ಷಾಂತರ ಮೆಗಾಓಮ್ ಆಗಿ ಡಿಟೆಕ್ಟರ್ ಸತ್ತಂತೆಯೇ. ಯಾವ ಎಚ್ಚರಿಕೆಯೂ ಪರದೆಯಲ್ಲಿ ಬರುವುದಿಲ್ಲ.

ಎರಡನೇ ಹೊಂಡ ಅಳತೆಯ ಮಾನಗಳದ್ದು. ಸ್ಪೈಸ್‌ನಲ್ಲಿ ದೊಡ್ಡ ಎಂ, ಸಣ್ಣ ಎಂ ಎರಡೂ ಮಿಲಿ. ಮೆಗಾ ಬೇಕಾದರೆ ‘ಮೆಗ್’ ಎಂದು ಪೂರ್ತಿ ಬರೆಯಬೇಕು. ಕ್ಯುಕ್ಸ್‌ನಲ್ಲಿ ದೊಡ್ಡ ಎಂ ಮೆಗಾ, ಸಣ್ಣದು ಮಿಲಿ. ಒಂದೇ ಸರ್ಕ್ಯೂಟನ್ನು ಎರಡು ಎಂಜಿನ್‌ಗಳಲ್ಲಿ ಓಡಿಸುವವರು ಇಲ್ಲಿ ಕಾಲು ಜಾರುತ್ತಾರೆ. ಸ್ಪೈಸ್‌ನಲ್ಲಿ ಸಂಖ್ಯೆಯ ಬೆನ್ನಿಗೆ ಒಂಟಿ ಎಫ್ ಬರೆದರೆ ಅದು ಫ್ಯಾರಡ್ ಅಲ್ಲ, ಫೆಮ್ಟೋ.

ಹಂತ 3: ಡಿಸಿ ಕರ್ವ್, ಡಯೋಡ್ ಒಂದನ್ನೇ ಇಟ್ಟು

ಹೊಸ ಪುಟ ತೆರೆಯಿರಿ. ಡಯೋಡ್, ಕರೆಂಟ್ ಸೋರ್ಸ್, ಗ್ರೌಂಡ್. ಬೇರೇನೂ ಬೇಡ.

0.1 ಮಿಲಿಆಂಪಿಯರ್ ಹರಿಸಿದಾಗ ಡಯೋಡಿನ ಮೇಲೆ ಸುಮಾರು 99 ಮಿಲಿವೋಲ್ಟ್, 1 ಮಿಲಿಆಂಪಿಯರ್ ಹರಿಸಿದಾಗ ಸುಮಾರು 184 ಮಿಲಿವೋಲ್ಟ್ ಬರಬೇಕು. ಡೇಟಾಶೀಟಿನ ಗರಿಷ್ಠ ಮಿತಿ ಕ್ರಮವಾಗಿ 150 ಮತ್ತು 250. ಎರಡೂ ಅದರ ಒಳಗೇ ಇವೆ. 600 ಮಿಲಿವೋಲ್ಟ್ ಬಂದರೆ ಐಎಸ್ ತಪ್ಪು. ಎರಡು ಬಿಂದುಗಳ ನಡುವಿನ ವ್ಯತ್ಯಾಸ 85ರ ಬದಲು 63ರ ಆಸುಪಾಸಿನಲ್ಲಿದ್ದರೆ ಆರ್‌ಎಸ್ ಸೇರಿಲ್ಲ. ಐದು ನಿಮಿಷದ ಕೆಲಸ ಇದು. ಆದರೆ ಮುಂದಿನ ಎಲ್ಲ ಹಂತಗಳು ಇದರ ಮೇಲೆ ನಿಂತಿವೆ.

ಹಂತ 4: ಪ್ಯಾಕೇಜ್ ಸೇರಿಸಿ

ಬಹಳ ಪ್ರಾಜೆಕ್ಟುಗಳು ಮುಗ್ಗರಿಸುವ ಜಾಗ ಇದು. ಮಾಡೆಲ್ ಕೋಷ್ಟಕ ಹೇಳುವುದು ಒಳಗಿನ ಚಿಪ್ಪಿನ ಬಗ್ಗೆ. ನೀವು ಬೋರ್ಡಿಗೆ ಬೆಸುಗೆ ಹಾಕುವುದು ಪ್ಲಾಸ್ಟಿಕ್ ಮೈಯ, ಲೋಹದ ಕಾಲಿನ ವಸ್ತು. ಎಸ್‌ಒಟಿ-23ಕ್ಕೆ 2 ನ್ಯಾನೋಹೆನ್ರಿ ಸೀರೀಸ್‌ನಲ್ಲಿ, 0.08 ಪಿಕೋಫ್ಯಾರಡ್ ಚಿಪ್ಪಿಗೆ ಸಮಾಂತರವಾಗಿ ಸೇರಿಸಬೇಕು.

ಅಷ್ಟು ಚಿಕ್ಕದರಿಂದ ಏನಾದೀತು ಎನ್ನುವವರು ಲೆಕ್ಕ ಮಾಡಿ ನೋಡಿ. ಬರೀ ಚಿಪ್ 39 − ಜೆ360 ಇತ್ತು. 0.08 ಪಿಕೋಫ್ಯಾರಡ್ ಸಮಾಂತರವಾಗಿ ಸೇರಿದ ಮೇಲೆ 19 − ಜೆ250. 2 ನ್ಯಾನೋಹೆನ್ರಿಯ 31 ಓಮ್ ಸೇರಿದ ಮೇಲೆ 19 − ಜೆ219. ನಿಜ ಭಾಗ ಅರ್ಧಕ್ಕಿಳಿಯಿತು, ರಿಯಾಕ್ಟೆನ್ಸ್ 140 ಓಮ್ ಬದಲಾಯಿತು. ಚಿಪ್ಪಿಗೆ ಮಾಡಿದ ಮ್ಯಾಚಿಂಗ್ ಈ ಡಯೋಡಿಗೆ ಯಾವ ಕೆಲಸಕ್ಕೂ ಬಾರದು.

ಸಿಮ್ಯುಲೇಟರಿನಲ್ಲಿ ಒಂದು ಪೋರ್ಟ್ ಇಟ್ಟು 2.45 ಗಿಗಾಹರ್ಟ್ಸ್‌ನ ಇಂಪೀಡೆನ್ಸ್ ನೋಡಿ. 19 − ಜೆ219 ಬಂದರೆ ಮುಂದೆ ಹೋಗಿ. ಬರದಿದ್ದರೆ ಇಲ್ಲೇ ನಿಂತು ಹುಡುಕಿ.

ಬೋರ್ಡಿನ ಪ್ಯಾಡನ್ನೂ ಮರೆಯಬೇಡಿ. 1.6 ಮಿ.ಮೀ. ದಪ್ಪದ ಎಫ್‌ಆರ್-4 (ಸಾಮಾನ್ಯ ಗ್ಲಾಸ್-ಎಪಾಕ್ಸಿ ಬೋರ್ಡ್) ಮೇಲೆ ಒಂದು ಚದರ ಮಿ.ಮೀ. ಪ್ಯಾಡಿಗೆ ಸಮಾಂತರ ಫಲಕದ ಸೂತ್ರದಿಂದಲೇ 0.024 ಪಿಕೋಫ್ಯಾರಡ್ ಬರುತ್ತದೆ. ಅಂಚಿನಿಂದ ಚದುರುವ ಕ್ಷೇತ್ರವೂ ಸೇರಿದರೆ ಅದರ ಎರಡು ಮೂರು ಪಟ್ಟು, ಅಂದರೆ ಪ್ಯಾಕೇಜಿನ ಕೆಪ್ಯಾಸಿಟೆನ್ಸಿಗೇ ಸಮೀಪ.

ಹಂತ 5: ಮ್ಯಾಚಿಂಗ್, ಮೊದಲು ಆದರ್ಶ ಭಾಗಗಳಿಂದ, ಆಮೇಲೆ ನಿಜದವುಗಳಿಂದ

50 ಓಮ್ ಕಡೆಯಲ್ಲಿ ನೆಲಕ್ಕೆ ಒಂದು ಕೆಪ್ಯಾಸಿಟರ್, ಅಲ್ಲಿಂದ ಡಯೋಡಿಗೆ ಸೀರೀಸ್‌ನಲ್ಲಿ ಒಂದು ಇಂಡಕ್ಟರ್. 19 ಓಮನ್ನು 50ಕ್ಕೆ ಏರಿಸಲು ಕ್ಯೂ (ರಿಯಾಕ್ಟೆನ್ಸ್ ÷ ರೆಸಿಸ್ಟೆನ್ಸ್) 1.29 ಬೇಕು. ಲೆಕ್ಕ ಕೊಡುವ ಮೌಲ್ಯಗಳು: ಇಂಡಕ್ಟರ್ 15.8 ನ್ಯಾನೋಹೆನ್ರಿ, ಕೆಪ್ಯಾಸಿಟರ್ 1.67 ಪಿಕೋಫ್ಯಾರಡ್. ಇವನ್ನು ಹಾಕಿ 1ರಿಂದ 4 ಗಿಗಾಹರ್ಟ್ಸ್‌ವರೆಗೆ 5 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಸ್ವೀಪ್ ಮಾಡಿದರೆ 2.45ರಲ್ಲಿ ಆಳವಾದ ತಗ್ಗು ಕಾಣಬೇಕು. ಹೆಜ್ಜೆ 50 ಮೆಗಾಹರ್ಟ್ಸ್ ಇಟ್ಟವರಿಗೆ ತಗ್ಗಿನ ತಳ ಕಾಣಿಸದೇ ಹೋಗಬಹುದು. ಡಯೋಡಿನ ಸ್ವಂತ ಕ್ಯೂ ಸುಮಾರು 12, ಬ್ಯಾಂಡ್ ಕಿರಿದು.

ಇದನ್ನು ಕಂಡು ಖುಷಿಪಟ್ಟು ಬೋರ್ಡ್ ಆರ್ಡರ್ ಮಾಡಬೇಡಿ. ಈಗ ಆದರ್ಶ ಭಾಗಗಳನ್ನು ಒಂದೊಂದಾಗಿ ಬದಲಿಸಿ.

ಇಂಡಕ್ಟರಿನಿಂದ ಶುರು ಮಾಡಿ. 2.45ರಲ್ಲಿ ಅದರ ಕ್ಯೂ 50 ಎಂದಿಟ್ಟುಕೊಂಡರೂ 244 ಓಮ್ ರಿಯಾಕ್ಟೆನ್ಸಿಗೆ 5 ಓಮ್ ಸೀರೀಸ್ ನಷ್ಟ. ಡಯೋಡಿನದು 19 ಓಮ್. ಹಾಗಾಗಿ ಐದನೇ ಒಂದು ಪಾಲು ಶಕ್ತಿ, ಅಂದರೆ 1 ಡಿಬಿ, ಡಯೋಡ್ ತಲುಪುವ ಮೊದಲೇ ಖರ್ಚು. ಎಸ್11 ಮಾತ್ರ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ನಷ್ಟ ಇರುವ ಸರ್ಕ್ಯೂಟಿನಲ್ಲೂ ಎಸ್11 ಚೆನ್ನಾಗಿಯೇ ಕಾಣುತ್ತದೆ. 50 ಓಮ್ ರೆಸಿಸ್ಟರಿನ ಎಸ್11 ಅತ್ಯುತ್ತಮ, ಅದು ಏನನ್ನೂ ಡಿಟೆಕ್ಟ್ ಮಾಡುವುದಿಲ್ಲ.

ಇನ್ನೊಂದು ವಿಷಯ ಸ್ವಂತ ಅನುರಣನ (ಸೆಲ್ಫ್ ರೆಸೊನೆನ್ಸ್), ಇಂಡಕ್ಟರ್ ತನ್ನದೇ ಕೆಪ್ಯಾಸಿಟೆನ್ಸಿನ ಜೊತೆ ಅನುರಣಿಸುವ ಫ್ರೀಕ್ವೆನ್ಸಿ. ಸೆಲ್ಫ್ ರೆಸೊನೆನ್ಸ್ 4 ಗಿಗಾಹರ್ಟ್ಸ್ ಇರುವ 15 ನ್ಯಾನೋಹೆನ್ರಿ ಇಂಡಕ್ಟರ್ 2.45ರಲ್ಲಿ 24 ನ್ಯಾನೋಹೆನ್ರಿಯಂತೆ ವರ್ತಿಸುತ್ತದೆ. ಡಬ್ಬಿಯ ಮೇಲೆ ಬರೆದ ಮೌಲ್ಯವನ್ನೇ ನಂಬಿದರೆ ತಗ್ಗು ನೂರಾರು ಮೆಗಾಹರ್ಟ್ಸ್ ಕೆಳಗೆ ಹೋಗಿ ಕೂರುತ್ತದೆ. ತಯಾರಕರು ಕೊಡುವ ಎಸ್ ಪ್ಯಾರಾಮೀಟರ್ ಕಡತವನ್ನು ಬಳಸಿ; ಕಡತ ಇಲ್ಲದ ಅಗ್ಗದ ರೀಲಿನ ಇಂಡಕ್ಟರನ್ನು ಈ ಕೆಲಸಕ್ಕೆ ತರಬೇಡಿ.

ಆಮೇಲೆ ಲೈನ್. ಎಫ್‌ಆರ್-4ಕ್ಕೆ ಪರ್ಮಿಟಿವಿಟಿ 4.4, ಲಾಸ್ ಟ್ಯಾಂಜೆಂಟ್ 0.02, ದಪ್ಪ 1.6 ಮಿ.ಮೀ., ತಾಮ್ರ 35 ಮೈಕ್ರಾನ್ ಎಂದು ಕೊಡಿ. 50 ಓಮ್ ಮೈಕ್ರೋಸ್ಟ್ರಿಪ್ಪಿನ (ಬೋರ್ಡಿನ ಮೇಲಿನ ತಾಮ್ರದ ಪಟ್ಟಿಯ) ಅಗಲ ಸುಮಾರು 3 ಮಿ.ಮೀ., ಕಾಲು ತರಂಗ ಸುಮಾರು 17 ಮಿ.ಮೀ. ಬರಬೇಕು. 30 ಮಿ.ಮೀ. ಬಂದರೆ ನೀವು ಗಾಳಿಯಲ್ಲಿನ ತರಂಗಾಂತರ ಹಿಡಿದಿದ್ದೀರಿ. ಡಯೋಡ್, ಇಂಡಕ್ಟರ್, ಕೆಪ್ಯಾಸಿಟರುಗಳ ನಡುವಿನ ಎರಡು ಮೂರು ಮಿ.ಮೀ. ತುಂಡುಗಳನ್ನೂ ಲೈನ್ ಆಗಿಯೇ ಬಿಡಿಸಬೇಕು. ಸ್ಕ್ರೀನಿನಲ್ಲಿ ತಂತಿ ಎಳೆದರೆ ಸಿಮ್ಯುಲೇಟರಿಗೆ ಅದರ ಉದ್ದ ಸೊನ್ನೆ.

ಇಷ್ಟೆಲ್ಲ ಸೇರಿದ ಮೇಲೆ ಮಾತ್ರ ಆಪ್ಟಿಮೈಸರ್. ಅದಕ್ಕೂ ಅಂಗಡಿಯಲ್ಲಿ ಸಿಗುವ ಮೌಲ್ಯಗಳನ್ನೇ ಕೊಡಿ, 15.83 ನ್ಯಾನೋಹೆನ್ರಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗದು.

ಹಂತ 6: ನೆಲಕ್ಕೆ ಹೋಗುವ ದಾರಿ

ಸ್ಕೀಮ್ಯಾಟಿಕ್‌ನಲ್ಲಿ ಗ್ರೌಂಡ್ ಚಿಹ್ನೆ ಎಂದರೆ ಸೊನ್ನೆ ಓಮ್. ಬೋರ್ಡಿನಲ್ಲಿ ಅದು 1.6 ಮಿ.ಮೀ. ಉದ್ದದ ವಯಾ, ಅಂದರೆ ಬೋರ್ಡಿನ ಆಚೆ ಬದಿಗೆ ಹೋಗುವ ಲೋಹ ಲೇಪಿಸಿದ ತೂತು. ಅರ್ಧ ಮಿ.ಮೀ. ವ್ಯಾಸದ ಒಂದು ವಯಾ ಸುಮಾರು 0.4 ನ್ಯಾನೋಹೆನ್ರಿ, 2.45ರಲ್ಲಿ 6 ಓಮ್. ಡಿಟೆಕ್ಟರಿನ ಔಟ್‌ಪುಟ್ಟಿನಲ್ಲಿ ಆರ್‌ಎಫ್ ಅನ್ನು ನೆಲಕ್ಕಿಳಿಸುವ 100 ಪಿಕೋಫ್ಯಾರಡ್ ಕೆಪ್ಯಾಸಿಟರಿಗೂ ತನ್ನದೇ 0.6 ನ್ಯಾನೋಹೆನ್ರಿಯಷ್ಟು ಇಂಡಕ್ಟೆನ್ಸ್ ಇರುತ್ತದೆ. ಸುಮಾರು 650 ಮೆಗಾಹರ್ಟ್ಸ್ ದಾಟಿದ ಮೇಲೆ ಅದು ಕೆಪ್ಯಾಸಿಟರ್ ಅಲ್ಲ, ಇಂಡಕ್ಟರ್. ಎರಡೂ ಸೇರಿ 15 ಓಮ್. ಈ ಒಂದು ಕಾರಣಕ್ಕೇ ತಗ್ಗು ಸುಮಾರು 70 ಮೆಗಾಹರ್ಟ್ಸ್ ಕೆಳಗಿಳಿಯುತ್ತದೆ. ಎರಡು ಮೂರು ವಯಾ ಹತ್ತಿರ ಹತ್ತಿರ ಹಾಕಿ, ಮಾಡೆಲಿನಲ್ಲೂ ಅಷ್ಟೇ ಹಾಕಿ.

ಇನ್ನು ಸಿಮ್ಯುಲೇಷನ್ ತಾನಾಗಿ ಎಂದೂ ಹಿಡಿದುಕೊಡದ ತಪ್ಪು: ಡಿಸಿ ಹಿಂತಿರುಗುವ ದಾರಿ. ಡಯೋಡ್ ಸೀರೀಸ್‌ನಲ್ಲಿದ್ದಾಗ ಅದರ ಡಿಸಿ ಕರೆಂಟ್ ಇನ್‌ಪುಟ್ ಕಡೆಯಿಂದ ನೆಲಕ್ಕೆ ಮರಳಬೇಕು. ಸಿಮ್ಯುಲೇಟರಿನ 50 ಓಮ್ ಪೋರ್ಟ್ ಅದನ್ನು ಸದ್ದಿಲ್ಲದೆ ಒದಗಿಸುತ್ತದೆ. ನಿಜದಲ್ಲಿ ಮುಂದೆ ಇರುವುದು ನೆಲಕ್ಕೆ ತಾಗದ ಮೊನೊಪೋಲ್ ಆಂಟೆನಾ, ಅಥವಾ ಡಿಸಿ ತಡೆಯುವ ಕೆಪ್ಯಾಸಿಟರ್. ದಾರಿ ಇಲ್ಲ, ಔಟ್‌ಪುಟ್ ಸೊನ್ನೆ. ಸ್ಕ್ರೀನಿನಲ್ಲಿ 40 ಮಿಲಿವೋಲ್ಟ್, ಬೆಂಚಿನಲ್ಲಿ ಏನೂ ಇಲ್ಲ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಪರೀಕ್ಷಿಸುವುದು ಸುಲಭ: ಪೋರ್ಟಿನ ಜೊತೆ ಸೀರೀಸ್‌ನಲ್ಲಿ ಒಂದು 100 ಪಿಕೋಫ್ಯಾರಡ್ ಕೆಪ್ಯಾಸಿಟರ್ ಇಟ್ಟು ಓಡಿಸಿ. ಔಟ್‌ಪುಟ್ ಬಿದ್ದುಹೋದರೆ ದಾರಿ ಕಟ್ಟಿಲ್ಲವೆಂದು ತಿಳಿಯಿರಿ. ಇನ್‌ಪುಟ್ಟಿನಿಂದ ನೆಲಕ್ಕೆ, ತುದಿಯಲ್ಲಿ ವಯಾ ಇರುವ ತೆಳ್ಳನೆಯ ಕಾಲು ತರಂಗದ ಲೈನ್ ಎಳೆದರೆ ಸಾಕು. 100 ನ್ಯಾನೋಹೆನ್ರಿಯ ಚೋಕ್ ಹಾಕಿದವರು ಅದರ ಸೆಲ್ಫ್ ರೆಸೊನೆನ್ಸ್ 2.45ಕ್ಕಿಂತ ಕೆಳಗಿಲ್ಲವೇ ಎಂದು ನೋಡಿಕೊಳ್ಳಲಿ. ಕೆಳಗಿದ್ದರೆ ಅದೂ ಕೆಪ್ಯಾಸಿಟರೇ.

ಹಂತ 7: ಹಾರ್ಮೋನಿಕ್ ಬ್ಯಾಲೆನ್ಸ್

ಇಲ್ಲಿಯವರೆಗೆ ಡಯೋಡನ್ನು ಒಂದು ಸರಳ ಇಂಪೀಡೆನ್ಸ್ ಎಂದು ಕಂಡೆವು. ಡಿಸಿ ಔಟ್‌ಪುಟ್ ಬರುವುದು ಅದರ ವಕ್ರತೆಯಿಂದ. ಎಸ್ ಪ್ಯಾರಾಮೀಟರಿಗೆ ಅದು ಕಾಣಿಸದು.

ಟ್ರಾನ್ಸಿಯೆಂಟ್‌ನಲ್ಲಿ ಮಾಡಬಾರದೇ? ಮಾಡಬಹುದು, ತಾಳ್ಮೆ ಇದ್ದರೆ. ಔಟ್‌ಪುಟ್ಟಿನ 100 ಪಿಕೋಫ್ಯಾರಡ್ ತುಂಬುವ ಕಾಲ ಸುಮಾರು 0.84 ಮೈಕ್ರೋಸೆಕೆಂಡ್, ಒಂದು ಆವರ್ತ 0.408 ನ್ಯಾನೋಸೆಕೆಂಡ್. ಪೂರ್ತಿ ನೆಲೆಗೊಳ್ಳಲು ಅದರ ಐದು ಪಟ್ಟು ಕಾಯಬೇಕು, ಅಂದರೆ ಹತ್ತು ಸಾವಿರ ಆವರ್ತ. ಪ್ರತಿ ಆವರ್ತಕ್ಕೆ 50 ಹೆಜ್ಜೆ ಇಟ್ಟರೆ ಐದು ಲಕ್ಷ ಹೆಜ್ಜೆ. ಹಾಗೆ ಮಾಡುವುದಾದರೆ ಗರಿಷ್ಠ ಹೆಜ್ಜೆ 8 ಪಿಕೋಸೆಕೆಂಡ್ ಎಂದು ನೀವೇ ಕೊಡಬೇಕು. ಮಧ್ಯದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಕೈಕೊಟ್ಟರೆ ಮೊದಲಿಂದ ಶುರು.

ಹಾರ್ಮೋನಿಕ್ ಬ್ಯಾಲೆನ್ಸ್ ನೇರವಾಗಿ ನೆಲೆಗೊಂಡ ಸ್ಥಿತಿಯನ್ನೇ ಹುಡುಕುತ್ತದೆ. ಮೂಲ ಫ್ರೀಕ್ವೆನ್ಸಿ 2.45 ಗಿಗಾಹರ್ಟ್ಸ್, ಹಾರ್ಮೋನಿಕ್‌ಗಳು 7, ಲೋಡ್ 100 ಕಿಲೋಓಮ್. −50 ಡಿಬಿಎಂನಿಂದ ಶುರು ಮಾಡಿ 2 ಡಿಬಿ ಹೆಜ್ಜೆಯಲ್ಲಿ ಏರಿಸಿ. ಒಂದೇ ಸಲಕ್ಕೆ 0 ಡಿಬಿಎಂ ಕೊಟ್ಟರೆ ಕನ್ವರ್ಜ್ ಆಗದೆ (ಒಂದು ಉತ್ತರಕ್ಕೆ ಬಂದು ಸೇರದೆ) ನಿಲ್ಲಬಹುದು. ಕೆಳಗಿನಿಂದ ಏರಿಸಿದಾಗ ಹಿಂದಿನ ಉತ್ತರ ಮುಂದಿನದಕ್ಕೆ ಮೆಟ್ಟಿಲಾಗುತ್ತದೆ. ಆದರೂ ನಿಂತರೆ ಯಾವುದಾದರೂ ನೋಡ್‌ನಿಂದ (ಭಾಗಗಳು ಸೇರುವ ಬಿಂದುವಿನಿಂದ) ನೆಲಕ್ಕೆ ಡಿಸಿ ದಾರಿ ಇಲ್ಲವೇ ಎಂದು ಹುಡುಕಿ, ಆಮೇಲೆ ಹಾರ್ಮೋನಿಕ್ ಸಂಖ್ಯೆ ಏರಿಸಿ. ಟಾಲರೆನ್ಸ್ ಸಡಿಲಿಸುವುದು ಕೊನೆಯ ಉಪಾಯ. ಮೊದಲೇ ಅದಕ್ಕೆ ಕೈಹಾಕುವವರು ಕನ್ವರ್ಜ್ ಆದ ತಪ್ಪು ಉತ್ತರ ಪಡೆಯುತ್ತಾರೆ.

ಉತ್ತರ ನಂಬಬಹುದೇ? 7ರ ಬದಲು 15 ಹಾರ್ಮೋನಿಕ್ ಹಾಕಿ ಮತ್ತೆ ಓಡಿಸಿ. ಡಿಸಿ ಔಟ್‌ಪುಟ್ ನೂರಕ್ಕೆ ಒಂದಕ್ಕಿಂತ ಹೆಚ್ಚು ಬದಲಾದರೆ 7 ಸಾಲದು.

ಬರಬೇಕಾದ ಸಂಖ್ಯೆಗಳು: ನಷ್ಟವಿಲ್ಲದ ಮ್ಯಾಚಿಂಗಿಗೆ −40 ಡಿಬಿಎಂನಲ್ಲಿ ಸುಮಾರು 5 ಮಿಲಿವೋಲ್ಟ್, −30ರಲ್ಲಿ 40ರ ಆಸುಪಾಸು. ಡೇಟಾಶೀಟ್ 2.45 ಗಿಗಾಹರ್ಟ್ಸ್‌ಗೆ ಹೇಳುವುದು ಮೈಕ್ರೋವ್ಯಾಟಿಗೆ 35 ಮಿಲಿವೋಲ್ಟ್‌ವರೆಗೆ. ನಷ್ಟ ಸೇರಿಸಿದ ಮೇಲೂ 60 ತೋರಿಸಿದರೆ ಸಂಶಯಪಡಿ. ಶಕ್ತಿ ಹತ್ತು ಪಟ್ಟಾದಾಗ ವೋಲ್ಟೇಜೂ ಹತ್ತು ಪಟ್ಟಾಗುವುದು ತೀರ ಕೆಳಗಿನ ಮಟ್ಟದಲ್ಲಿ ಮಾತ್ರ. −40 ದಾಟಿದ ಮೇಲೆ ಗೆರೆ ಬಾಗುತ್ತದೆ, ಅದು ತಪ್ಪಲ್ಲ. ಲೋಡ್ 100ರ ಬದಲು 10 ಕಿಲೋಓಮ್ ಇಟ್ಟರೆ ಡಯೋಡಿನ ಒಳಗಿನ 9 ಕಿಲೋಓಮ್ ಜೊತೆ ಪಾಲಾಗಿ ವೋಲ್ಟೇಜ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

ಶಕ್ತಿ ಏರಿದಂತೆ ತಗ್ಗು ಮೇಲಿನ ಫ್ರೀಕ್ವೆನ್ಸಿಗೆ ಸರಿಯುವುದನ್ನೂ ಕಾಣುತ್ತೀರಿ. ಔಟ್‌ಪುಟ್ ಡಿಸಿ ಡಯೋಡಿಗೆ ತಾನೇ ಹಿಮ್ಮುಖ ಬಯಾಸ್ ಆಗಿ ಜಂಕ್ಷನ್ ಕೆಪ್ಯಾಸಿಟೆನ್ಸನ್ನು ಇಳಿಸುತ್ತದೆ. ಆದ್ದರಿಂದ ಯಾವ ಶಕ್ತಿಯಲ್ಲಿ ಬಳಸುತ್ತೀರೋ ಆ ಶಕ್ತಿಯಲ್ಲೇ ಮ್ಯಾಚ್ ಮಾಡಿ.

ಹಂತ 8: ಸೆಕೆಗಾಲ, ಆಟಿಯ ಮಳೆ

ಸಿಮ್ಯುಲೇಟರ್ ಏನೂ ಹೇಳದಿದ್ದರೆ 27 ಡಿಗ್ರಿಯಲ್ಲಿ ಕೂತಿರುತ್ತದೆ. ಕಾಸರಗೋಡಿನ ಎಪ್ರಿಲ್ ಹಾಗಿಲ್ಲ. ಇದೇ ಮಾಡೆಲಿಗೆ 35 ಡಿಗ್ರಿ ಕೊಟ್ಟರೆ ಐಎಸ್ ಎರಡು ಪಟ್ಟಾಗಿ ಜಂಕ್ಷನ್ ರೆಸಿಸ್ಟೆನ್ಸ್ 9.1ರಿಂದ 4.6 ಕಿಲೋಓಮಿಗೆ ಇಳಿಯುತ್ತದೆ. ತೋಟದ ಪಂಪ್ ಶೆಡ್ಡಿನ ಶೀಟಿನ ಮಾಡಿಗೆ ತಾಗಿಸಿ ಡಬ್ಬಿ ಇಟ್ಟು, ಒಳಗೆ 60 ಡಿಗ್ರಿ ಆಯಿತೆಂದುಕೊಳ್ಳಿ: ಸುಮಾರು 700 ಓಮ್. ಮ್ಯಾಚಿಂಗೂ ಹೋಯಿತು, ಸೆನ್ಸಿಟಿವಿಟಿಯೂ ಹೋಯಿತು. 20, 35, 60 ಡಿಗ್ರಿ ಮೂರರಲ್ಲೂ ಓಡಿಸಿ ನೋಡಿ. ಹಂತ 2ರಲ್ಲಿ ಇಜಿ ಬಿಟ್ಟವರಿಗೆ ಇಲ್ಲಿ ಬರುವ ಉತ್ತರ ಪೂರ್ತಿ ಸುಳ್ಳು.

ಎಫ್‌ಆರ್-4 ನೀರು ಹೀರುತ್ತದೆ. ಹೀರಿದಾಗ ಪರ್ಮಿಟಿವಿಟಿಯೂ ನಷ್ಟವೂ ಏರುತ್ತವೆ. ಬೋರ್ಡಿನಿಂದ ಬೋರ್ಡಿಗೂ ವ್ಯತ್ಯಾಸ ಇರುವುದರಿಂದ 4.2, 4.4, 4.6 ಮೂರನ್ನೂ ಹಾಕಿ ನೋಡಿ. ಮೂರರಲ್ಲೂ ಕೆಲಸ ಮಾಡದ ವಿನ್ಯಾಸವನ್ನು ಮಾಡಿಸಬೇಡಿ, ಅಥವಾ ದುಡ್ಡು ಹೆಚ್ಚಾದರೂ ಆರ್‌ಒ4350ಬಿಯಂಥ, ಮೈಕ್ರೋವೇವಿಗೆಂದೇ ಮಾಡಿದ ಹಲಗೆಗೆ ಹೋಗಿ.

ಡಯೋಡ್ ಬದಲು ಟ್ರಾನ್ಸಿಸ್ಟರ್ ಇದ್ದರೆ

ಕ್ರಮ ಇದೇ, ನಡುವೆ ಒಂದು ಹಂತ ಹೆಚ್ಚು. ಬಿಎಫ್‌ಪಿ420ಯಂಥ ಟ್ರಾನ್ಸಿಸ್ಟರಿಗೆ ತಯಾರಕರು ಎಸ್2ಪಿ ಕಡತ (ಎಸ್ ಪ್ಯಾರಾಮೀಟರುಗಳ ಪಟ್ಟಿ) ಕೊಡುತ್ತಾರೆ. ಆ ಕಡತ ಒಂದು ನಿರ್ದಿಷ್ಟ ವೋಲ್ಟೇಜ್, ಒಂದು ನಿರ್ದಿಷ್ಟ ಕರೆಂಟಿನದು. ನೀವು ಬಯಾಸ್ ಬದಲಿಸಿದರೂ ಕಡತ ಬದಲಾಗುವುದಿಲ್ಲ. ಸಪ್ಲೈ ಕಿತ್ತು ಹಾಕಿದರೂ ಗೇನ್ ಅಷ್ಟೇ ತೋರಿಸುತ್ತದೆ. ಎರಡು ಪೋರ್ಟಿನ ಕಡತದಲ್ಲಿ ಸಾಲಿನ ಕ್ರಮ ಎಸ್11, ಎಸ್21, ಎಸ್12, ಎಸ್22. ಕೈಯಲ್ಲಿ ಟೈಪ್ ಮಾಡುವವರು ನಡುವಿನ ಎರಡನ್ನು ಅದಲುಬದಲು ಮಾಡಿ, ಆಂಪ್ಲಿಫೈಯರ್ ಯಾಕೆ ಶಕ್ತಿಯನ್ನು ನುಂಗುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಹೆಚ್ಚಿನ ಹಂತ ಎಂದರೆ ಸ್ಟೆಬಿಲಿಟಿ, ಅಂದರೆ ಸರ್ಕ್ಯೂಟ್ ತಾನಾಗಿ ಆಂದೋಲನ ಶುರುಮಾಡದಿರುವುದು. ಮ್ಯಾಚಿಂಗಿಗೆ ಮೊದಲೇ ನೋಡಬೇಕು. ಎಸ್ ಪ್ಯಾರಾಮೀಟರುಗಳಿಂದ ಲೆಕ್ಕ ಹಾಕುವ ಸೂಚಕಗಳಲ್ಲಿ ಕೆ ಒಂದಕ್ಕಿಂತ ಹೆಚ್ಚು ಮತ್ತು ಡೆಲ್ಟಾದ ಪರಿಮಾಣ ಒಂದಕ್ಕಿಂತ ಕಡಿಮೆ, ಎರಡೂ ಬೇಕು. ಅಥವಾ ಮ್ಯೂ ಒಂದನ್ನೇ ನೋಡಿ, ಅದು ಒಂದಕ್ಕಿಂತ ಹೆಚ್ಚಿದ್ದರೆ ಸಾಕು. 2.45 ಗಿಗಾಹರ್ಟ್ಸ್‌ನಲ್ಲಿ ಮಾತ್ರ ನೋಡಿ ಬಿಡುವುದು ದೊಡ್ಡ ತಪ್ಪು. ಈ ಟ್ರಾನ್ಸಿಸ್ಟರುಗಳಿಗೆ ಗೇನ್ ಹೆಚ್ಚಿರುವುದು ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ, ಆಂದೋಲನ ಶುರುವಾಗುವುದೂ ಹೆಚ್ಚಾಗಿ ಅಲ್ಲೇ. ಕಡತದ ಮೊದಲ ಬಿಂದುವಿನಿಂದ ಕೊನೆಯ ಬಿಂದುವರೆಗೂ ನೋಡಿ, ಕಡತ ಮುಗಿದ ಆಚೆ ಸಿಮ್ಯುಲೇಟರ್ ಎಳೆದ ಗೆರೆಯನ್ನು ನಂಬಬೇಡಿ. ಎಮಿಟರ್ ಕಾಲಿನ ವಯಾಗಳನ್ನು ಸೇರಿಸಿಯೇ ಈ ಪರೀಕ್ಷೆ ಮಾಡಬೇಕು. ಅಲ್ಲಿನ ಸ್ವಲ್ಪ ಇಂಡಕ್ಟೆನ್ಸ್ ಒಂದು ಕಡೆ ಸ್ಥಿರತೆ ತಂದು ಇನ್ನೊಂದು ಕಡೆ, ಮೇಲಿನ ಫ್ರೀಕ್ವೆನ್ಸಿಯಲ್ಲಿ, ಕೆಡಿಸಬಹುದು.

ಹಂತ 9: ಅಳತೆಯ ಜೊತೆ ಹೋಲಿಕೆ

2.45 ಗಿಗಾಹರ್ಟ್ಸ್‌ಗೆ ಹಳೆಯ ಪುಟ್ಟ ನ್ಯಾನೋವಿಎನ್‌ಎ (ಎಸ್11 ಅಳೆಯುವ ಉಪಕರಣ) ಸಾಲದು. 3 ಗಿಗಾಹರ್ಟ್ಸ್‌ವರೆಗೆ ಹೋಗುವ ವಿ2 ಅಥವಾ ಅದಕ್ಕಿಂತ ಮೇಲಿನದು ಬೇಕು. ಇಂಥ ಉಪಕರಣಗಳು ಹೊರಬಿಡುವುದು −10 ಡಿಬಿಎಂ ಆಸುಪಾಸಿನ ಶಕ್ತಿ. ನೀವು ಸಿಮ್ಯುಲೇಟ್ ಮಾಡಿದ್ದು −30ಕ್ಕೆ. ನೂರು ಪಟ್ಟು ಶಕ್ತಿ ಕೊಟ್ಟು ಅಳೆದ ಎಸ್11 ಹೊಂದದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. 20 ಡಿಬಿ ಅಟೆನ್ಯುಯೇಟರ್ ಸೇರಿಸಿ, ಅದರ ಆಚೆ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಅಳೆಯಿರಿ. ರೀಡಿಂಗಿನಲ್ಲಿ ಗದ್ದಲ ಹೆಚ್ಚಾಗುತ್ತದೆ, ಸರಾಸರಿ ತೆಗೆಯಿರಿ. ಅಟೆನ್ಯುಯೇಟರ್ ಇಲ್ಲದಿದ್ದರೆ ಸಿಮ್ಯುಲೇಷನ್ನನ್ನೇ −10 ಡಿಬಿಎಂಗೆ ಓಡಿಸಿ ಹೋಲಿಸಿ.

ವ್ಯತ್ಯಾಸ ಕಂಡಾಗ ಎಲ್ಲ ಮೌಲ್ಯಗಳನ್ನೂ ತಿರುಚಿ ಎರಡು ಗೆರೆಗಳನ್ನು ಒಂದರ ಮೇಲೊಂದು ಕೂರಿಸಬೇಡಿ. ತಗ್ಗು ಕೆಳಗಿದ್ದರೆ ಮೊದಲು ವಯಾ, ಪ್ಯಾಡ್, ಇಂಡಕ್ಟರಿನ ಸೆಲ್ಫ್ ರೆಸೊನೆನ್ಸ್ ನೋಡಿ. ಜಾಗ ಸರಿಯಿದ್ದು ಆಳ ಕಡಿಮೆ ಇದ್ದರೆ ನಿಜ ಭಾಗ ಹೊಂದಿಲ್ಲ, ನಷ್ಟಗಳನ್ನು ನೋಡಿ. ಎಸ್11 ಹೊಂದಿಯೂ ಡಿಸಿ ಕಡಿಮೆ ಇದ್ದರೆ ಇಂಡಕ್ಟರಿನ ಕ್ಯೂ, ಲೋಡ್, ತಾಪಮಾನ. ಐಎಸ್ ಮತ್ತು ಎನ್ ಅನ್ನು ಮುಟ್ಟುವ ಮೊದಲು ಬಿಡಿ ಡಯೋಡನ್ನು ಮಲ್ಟಿಮೀಟರ್ ಮತ್ತು ರೆಸಿಸ್ಟರ್ ಇಟ್ಟು 0.1 ಮತ್ತು 1 ಮಿಲಿಆಂಪಿಯರಿನಲ್ಲಿ ಅಳೆಯಿರಿ. 99 ಮತ್ತು 184ರ ಹತ್ತಿರ ಬರದೆ 300, 400 ಬಂದರೆ ಕೈಗೆ ಬಂದಿರುವುದು ಬೇರೆಯೇ ಡಯೋಡ್. ಅಗ್ಗಕ್ಕೆ ಸಿಕ್ಕಿದ ಪೊಟ್ಟಣಗಳಲ್ಲಿ ಇದೂ ಆಗುತ್ತದೆ.

ಮಳೆಗಾಲದಲ್ಲಿ ಅಳೆಯುವುದಾದರೆ ಡಯೋಡ್ ಕೂರಿಸುವ ಮೊದಲು ಬರಿಯ ಬೋರ್ಡನ್ನು 100–105 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಬೆಸುಗೆಯ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದ ಮೇಲೆಯೇ ಪ್ರೋಬ್ ಇಡಿ. 100 ಕಿಲೋಓಮ್ ಲೋಡಿನ ಬದಿಯಲ್ಲಿ ಉಳಿದ ಫ್ಲಕ್ಸ್ ತೇವ ಹಿಡಿದರೆ ಅದೂ ಒಂದು ರೆಸಿಸ್ಟರ್.